ಬಾಗಿಲಲ್ಲೇ ನಿಂತ ಲೋಖಂಡೆ

ಮೂಡಲಗಿಯ ಕುಂಥುನಾಥನಷ್ಟು ಒಳ್ಳೆಯ ಮನುಷ್ಯ ನಮ್ಮ ಸೀಮೆಯಲ್ಲೇ ಇಲ್ಲ ಎಂದು ಯಾರಾದರೂ ನನ್ನೆದುರು ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಳ್ಳೆಯವನು ಹೌದು, ಅಲ್ಲ ಎನ್ನುವುದಿಲ್ಲ. ಆದರೆ ಒಳ್ಳೆಯವರ ಜೊತೆ ಏಗುವುದು ಎಂಥ ಕರ್ಮ ಎಂಬುದು ಏಗಿದವರಿಗೇ ಗೊತ್ತು. ಕೆಟ್ಟವನಿಗೆ ನಾಲ್ಕು ಬೈದು ಕೈತೊಳೆದುಕೊಳ್ಳಬಹುದು. ಒಳ್ಳೆಯವನು ನಾಲ್ಕೂ ಬೈಸಿಕೊಂಡು, ‘ಹೌದ್ರಿ ಅಕ್ಕಾರ’ ಎಂದು ತಲೆಯಾಡಿಸಿ, ಹಿಡಿದ ಪಟ್ಟನ್ನು ಮಾತ್ರ ಬಿಡದೆ ಎದುರಿಗೇ ಕೂತಿರುತ್ತಾನೆ. ಕುಂಥುನಾಥ ನನ್ನೆದುರು ಹೀಗೆ ವರ್ಷಕ್ಕೂ ಹೆಚ್ಚು ಕಾಲ ಕೂತಿದ್ದ.

ಅವನು ನನ್ನ ಕಣ್ಣಿಗೆ ಬಿದ್ದದ್ದು ಎರಡು ಸಾವಿರದ ಎರಡರಲ್ಲಿ. ನಾನು ಹುಕ್ಕೇರಿಯ ಮಗಳು, ಗೋಕಾಕದ ಸೊಸೆ. ಇಡೀ ದಿನ ಮನೆಯಲ್ಲಿದ್ದರೆ ಅತ್ತೆಗೂ ನನಗೂ ಹೊಂದಿಕೆಯಾಗುವುದಿಲ್ಲ ಎಂಬುದನ್ನು ಬೇಗ ಕಂಡುಕೊಂಡ ನಮ್ಮ ಮನೆಯವರು, ಬಸವಣ್ಣೆಪ್ಪನವರು, ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಹಡಿ ಹಿಡಿದು ನನಗೊಂದು ಕಂಪ್ಯೂಟರ್ ಕ್ಲಾಸು ಹಾಕಿಕೊಟ್ಟಿದ್ದರು. ಅಲ್ಲಿಗೆ ಟ್ಯಾಲಿ ಕಲಿಯಲು ಬಂದವನು ಕುಂಥು. ಉದ್ದನೆಯ ಆಳು, ತಲೆಗೆ ಎಣ್ಣೆ, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಳ್ಳುವವನು. ಅವನ ಕಾಕಾ ಗೊಮ್ಮಟೇಶನದು ಮೂಡಲಗಿಯಲ್ಲಿ ಅರಿವಿ ಅಂಗಡಿ. ಅಣ್ಣನ ಮಗನೆಂದು ಗಲ್ಲಾಪೆಟ್ಟಿಗೆಯ ಪಕ್ಕ ಕೂಡಿಸಿದರೆ, ಈ ಪುಣ್ಯಾತ್ಮ ವ್ಯಾಪಾರ ಮಾಡುತ್ತಿದ್ದ ರೀತಿ ಹೀಗೆ:

“ಈ ಸೀರಿ ಬಣ್ಣಾ ಬಿಡತೈತೇನೋ ತಮ್ಮಾ?”

“ಬಿಡತೈತ್ರಿ ಯವ್ವಾ. ಮೊದಲನೇ ಒಗತಕ್ಕ ಬಿಡತೈತಿ.”

“ಹಂಗಾರ ಬಿಡಲಾರದ್ದು ತೋರಸು.”

“ಅದು ಎದರಗಿನ ಅಂಗಡ್ಯಾಗ ಐತ್ರಿ.”

ಕಾಕಾ ಹಣೆ ಹಣೆ ಬಡಿದುಕೊಂಡು, ಗಿರಾಕಿಗಳಿಂದ ಇವನನ್ನು ದೂರ ಇಡಬೇಕಾದರೆ ಕಂಪ್ಯೂಟರ್ ಮುಂದೆ ಕೂಡಿಸುವುದೇ ದಾರಿ ಎಂದು ನಿರ್ಧರಿಸಿ ನನ್ನ ಕೊರಳಿಗೆ ಕಟ್ಟಿದ್ದ.

ನನ್ನ ತಮ್ಮ ಶಿವಕುಮಾರ ಆಗ ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಹಾಸ್ಟೆಲಿನ ಗೆಳೆಯನೊಬ್ಬನಿಂದ ಯಾವುದೋ ಇಂಗ್ಲಿಷ್ ಪುಸ್ತಕದ ಝೆರಾಕ್ಸ್ ಪ್ರತಿ ಹಿಡಿದುಕೊಂಡು ಒಂದು ಭಾನುವಾರ ನನ್ನ ಕ್ಲಾಸಿಗೆ ಬಂದ. ಅದೊಂದು ಆಟ. ಮಣೆಯಿಲ್ಲ, ಕಾಯಿಯಿಲ್ಲ. ಒಬ್ಬರು ಕಥೆ ನಡೆಸಬೇಕು: ಎದುರಿಗೆ ಏನಿದೆ, ಏನು ಬಂತು, ಯಾರು ಬಂದರು ಎಂದು ಹೇಳಬೇಕು. ಉಳಿದವರು ಒಂದೊಂದು ಪಾತ್ರ ಕಟ್ಟಿಕೊಂಡು, ಆ ಪಾತ್ರದ ಬಾಯಿಂದಲೇ ಮಾತನಾಡುತ್ತ, ತಾನು ಈಗ ಏನು ಮಾಡುತ್ತೇನೆ ಎಂದು ಹೇಳಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ದಾಳ ಎಸೆಯಬೇಕು. ಕಥೆಯೆಲ್ಲ ಸಾವಿರಾರು ವರ್ಷಗಳಾಚೆಯದು, ಆಕಾಶದಲ್ಲಿ ಓಡಾಡುವ ಹಡಗುಗಳದು. ಶಿವು ಮೊದಲು ತಾನೇ ನಡೆಸಲು ಹೋದ. ಅರ್ಧ ಗಂಟೆಯಲ್ಲಿ ತನ್ನ ಕಥೆಯೊಳಗೆ ತಾನೇ ಸಿಕ್ಕಿಹಾಕಿಕೊಂಡ. ಆಮೇಲೆ ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ನಿಯಮ ಓದುವ ತಾಳ್ಮೆ ನಮ್ಮ ಮನೆತನದಲ್ಲಿ ನನ್ನೊಬ್ಬಳಿಗೇ ಇದೆ.

ಶಿವು ಹಡಗಿನ ಕ್ಯಾಪ್ಟನ್ ಆದ. ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ಕೆಲಸ ಮಾಡುವ ಯಲ್ಲಾರಿ, ನಮ್ಮ ಮನೆಯವರ ಪರಿಚಯದವನು, ಡಾಕ್ಟರ್ ಆದ. ಕುಂಥು ಟ್ಯಾಲಿ ಅಭ್ಯಾಸ ಮಾಡುತ್ತ ಮೂಲೆಯಲ್ಲಿ ಕೂತಿದ್ದವನು ಕತ್ತು ಹೊರಳಿಸಿ, “ಯಂತ್ರದ ಮನಶಾ ಆಗಬೋದೇನ್ರಿ ಅಕ್ಕಾರ?” ಎಂದ. ಆಗಬಹುದು ಎಂದೆ. ಆ ನನ್ನ ಬಾಯಿಗೆ ಮಣ್ಣು ಹಾಕಬೇಕಿತ್ತು.

ರೋಬೋಟಿಗೆ ಹೆಸರು ಬೇಕೆಂದಾಗ ಶಿವು ಇಂಗ್ಲಿಷ್ ಅಕ್ಷರ, ಅಂಕಿ ಸೇರಿಸಿ ಏನೇನೋ ಹೇಳಿದ. ಕುಂಥು ಒಪ್ಪಲಿಲ್ಲ. “ಲೋಖಂಡೆ ಅಂತ ಇಡ್ರಿ. ಇಚಲಕರಂಜಿಯೊಳಗ ತಯಾರಾಗಿದ್ದು,” ಎಂದ. ಮರಾಠಿಯಲ್ಲಿ ಲೋಖಂಡ ಎಂದರೆ ಕಬ್ಬಿಣ. ಗಡಿಯಾಚೆಯ ಇಚಲಕರಂಜಿಯಲ್ಲಿ ಅವನ ಸೋದರಮಾವಂದಿರ ಮಗ್ಗಗಳಿದ್ದವು. ಅವನಿಗೆ ಗೊತ್ತಿದ್ದ ದೊಡ್ಡ ಯಂತ್ರಗಳೆಲ್ಲ ಇದ್ದದ್ದು ಅಲ್ಲಿಯೇ. ಹಾಗಾಗಿ ನಮ್ಮ ರೋಬೋಟು ಶಾಂತವಾಗಿದ್ದಾಗ ಮೂಡಲಗಿಯ ಕನ್ನಡ ಮಾತನಾಡುತ್ತಿತ್ತು, ಗಾಬರಿಯಾದಾಗ ಮರಾಠಿ.

ಆ ಪುಸ್ತಕದಲ್ಲಿ ರೋಬೋಟುಗಳಿಗೊಂದು ವಿಶೇಷ ನಿಯಮವಿತ್ತು. ‘ಇಂಥದ್ದನ್ನು ನಾನು ಎಂದಿಗೂ ಮಾಡುವುದಿಲ್ಲ’ ಎಂಬ ಮೂರು ಕಟ್ಟುಗಳನ್ನು ಮೊದಲೇ ಹೇಳಿಬಿಟ್ಟರೆ ಅದಕ್ಕೆ ತಕ್ಕಂತೆ ಬಲ ಸಿಗುತ್ತದೆ. ಬುದ್ಧಿಯಿದ್ದವರು ಇಲ್ಲಿ ಕಳ್ಳಾಟ ಆಡಬೇಕು. ‘ನೀರಿನಲ್ಲಿ ಈಸುವುದಿಲ್ಲ’ ಎಂದರಾಯಿತು, ಆಕಾಶದಲ್ಲಿ ನೀರೆಲ್ಲಿದೆ? ಇವನಿಗೆ ಮಾತ್ರ ಇದು ಬೇರೆಯೇ ಕೇಳಿಸಿತು. ಚಾತುರ್ಮಾಸಕ್ಕೆ ಜೈನ ಮುನಿಗಳು ಊರಿಗೆ ಬಂದಾಗ ಇವರ ಮನೆಯವರೆಲ್ಲ ಎದುರಿಗೆ ಕೂತು ಒಂದೊಂದು ನೇಮ ಹಿಡಿಯುತ್ತಾರೆ: ಬಟಾಟೆ ತಿನ್ನುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಹೀಗೆ. ಬಾಯಿಂದ ಹೇಳಿದ ಮೇಲೆ ಮುಗಿಯಿತು. ಕುಂಥು ನೆಟ್ಟಗೆ ಕೂತು, ಕೈಮುಗಿದು, ನಾನೇ ಮುನಿಗಳೇನೋ ಎಂಬಂತೆ ನನ್ನ ಮುಂದೆ ಹೇಳಿದ:

“ಒಂದು, ಲೋಖಂಡೆ ಜೀವ ಇದ್ದದ್ದನ್ನ ಯಾವದನ್ನೂ ಹೊಡಿಯೂದಿಲ್ಲ. ಎರಡು, ಹೊತ್ತು ಮುಳಗಿದ ಮ್ಯಾಲೆ ಚಾರ್ಜ್ ತಗೊಳ್ಳೂದಿಲ್ಲ. ಮೂರು, ಮಾತು ಕೊಟ್ರ, ಮಾತು ಇಸಗೊಂಡಾಂವ ಬಂದು ಬಿಡಸೂತನಕ ಮುರಿಯೂದಿಲ್ಲ.”

ಇಷ್ಟು ಬಿಗಿಯಾದ ಕಟ್ಟುಗಳನ್ನು ಯಾರೂ ಹಾಕಿಕೊಳ್ಳುವುದಿಲ್ಲ. ಪುಸ್ತಕದ ಲೆಕ್ಕದಂತೆ ಲೋಖಂಡೆಗೆ ಹಡಗನ್ನೇ ಎತ್ತುವ ಬಲ ಬಂತು. ಶಿವುಗೆ ಖುಷಿಯೋ ಖುಷಿ. “ಇಂಥಾ ಪೈಲ್ವಾನ್ ಇದ್ದ ಮ್ಯಾಲೆ ನಮಗ ಯಾರ ಭಯಾ?” ಎಂದ.

ಮೊದಲ ಭಾನುವಾರವೇ ಗೊತ್ತಾಯಿತು. ಹಡಗಿನೊಳಗೆ ನಾಯಿಯಷ್ಟು ದೊಡ್ಡ ಹುಳಗಳು ನುಗ್ಗಿದವು ಎಂದು ನಾನು ಕಥೆ ನಡೆಸಿದೆ. ಕ್ಯಾಪ್ಟನ್ ಒಂದು ಕಡೆ, ಡಾಕ್ಟರ್ ಒಂದು ಕಡೆ ಪ್ರಾಣದ ಹಂಗು ತೊರೆದು ಹೊಡೆದಾಡುತ್ತಿದ್ದಾರೆ.

“ಲೋಖಂಡೆ ಏನ್ ಮಾಡ್ತಾನ?” ಎಂದು ಕೇಳಿದೆ.

“ಕಸಬರಗಿ ತಗೊಂಡು ನೆಲಾ ಹಸನ ಮಾಡಾಕತ್ತಾನ್ರಿ. ಕಾಲಾಗ ಯಾವದರ ಸಣ್ಣ ಹುಳಾ ಸಿಕ್ಕೀತು ಅಂತ.”

“ಹುಳಾ ನಿನ್ನ ಕ್ಯಾಪ್ಟನ್‌ನ ಕಾಲು ತಿನ್ನಾಕತ್ತಾವೋ!”

“ಹೌದ್ರಿ? ಹಂಗಾರ ಸಾಹೇಬರನ್ನ ಎತ್ತಿ ಅಟ್ಟದ ಮ್ಯಾಲೆ ಇಡ್ತಾನ್ರಿ. ಆಮ್ಯಾಲೆ ಡಾಕ್ಟರ್‌ನ್ನೂ ಇಡ್ತಾನ. ಆಮ್ಯಾಲೆ ಮತ್ತ ಕಸಾ ಹೊಡಿತಾನ.”

ಇದು ಬರಿಯ ಆಟ, ಖರೆ ಅಲ್ಲ ಎಂದು ನಾನು ಎಷ್ಟು ತಿಳಿಹೇಳಿದರೂ ಅವನದು ಒಂದೇ ಉತ್ತರ: “ಆಟರಿ. ಆದ್ರ ನೇಮಾ ಬಾಯಿಲೆ ಹೇಳೀನಲ್ರಿ? ಹಿಟ್ಟಿನ ಗೊಂಬಿ ಮಾಡಿ ಕೊಯ್ದ್ರೂ ಕೊಯ್ದಂಗ ಅಂತಾಳ್ರಿ ನಮ್ಮ ಆಯಿ.” ಆಯಿ ಎಂದರೆ ಅವನ ಅಜ್ಜಿ ಜಿನ್ನವ್ವ. ಆ ಮುದುಕಿಯನ್ನು ನಾನು ನೋಡಿಯೇ ಇರಲಿಲ್ಲ, ಆದರೂ ಆಕೆಯ ಜೊತೆ ಒಂದು ದೊಡ್ಡ ಜಗಳ ಬಾಕಿಯಿದೆ ಎಂದು ನನಗೆ ಪ್ರತಿ ಭಾನುವಾರ ಅನಿಸುತ್ತಿತ್ತು.

ಇನ್ನೊಮ್ಮೆ, ತಿಂಗಳುಗಟ್ಟಲೆ ರಾತ್ರಿಯಿರುವ ಒಂದು ಗ್ರಹದ ಮೇಲೆ ಇಳಿದೆವು. ಲೋಖಂಡೆಯ ಬ್ಯಾಟರಿ ಮುಗಿಯಿತು. ಚಾರ್ಜಿನ ವೈರು ಕೈಯಳತೆಯಲ್ಲೇ ಇದೆ. ಒಲ್ಲೆ ಎಂದ. ಹೊತ್ತು ಮುಳುಗಿದೆ, ಮೂಡಿದ ಮೇಲೆ ನೋಡೋಣ. ಕೊನೆಗೆ ಶಿವು ಒಂದು ಗಾಡಿ ತಂದು, ಆ ಕಬ್ಬಿಣದ ಹೆಣವನ್ನು ಹೇರಿಕೊಂಡು, ಗ್ರಹವನ್ನೆಲ್ಲ ಎಳೆದುಕೊಂಡು ಸುತ್ತಿದ. ನನಗೆ ತಲೆ ಚಿಟ್ಟು ಹಿಡಿದಿತ್ತು, ಶಿವು ಮಾತ್ರ ಕುರ್ಚಿಯಿಂದ ಬೀಳುವ ಹಾಗೆ ನಕ್ಕಿದ್ದ. ಅಂದಿನಿಂದ ಅವನು ರೋಬೋಟನ್ನು ‘ಲೋಖಂಡೆ ಕಾಕಾ’ ಎಂದೇ ಕರೆಯತೊಡಗಿದ. ಓದಿನಲ್ಲಿ ಹಿಂದೆ ಬಿದ್ದು ಮುಖ ಸಣ್ಣಗೆ ಮಾಡಿಕೊಂಡು ಬರುತ್ತಿದ್ದ ಹುಡುಗ ಭಾನುವಾರ ಮಾತ್ರ ಹಾಗೆ ನಗುತ್ತಿದ್ದ. ಅದನ್ನು ನೋಡುವ ಸಲುವಾಗಿಯೇ ನಾನು ಕುಂಥುವಿನ ಕಾಟವನ್ನು ಸಹಿಸಿಕೊಂಡೆ.

ಮರುವರ್ಷ ಜೂನಿನಲ್ಲಿ ಮಿರಗದ ಮಳೆ ಶುರುವಾದ ಹೊತ್ತಿಗೆ ಆ ಗವಿಯ ಪ್ರಸಂಗ ನಡೆಯಿತು. ಹೆಸರಿಲ್ಲದ ಒಂದು ಚಂದ್ರನ ಮೇಲೆ ಹಳೆಯ ಗಣಿಯ ಗವಿ. ಕ್ಯಾಪ್ಟನ್ ಒಬ್ಬನೇ ಒಳಗೆ ಹೋಗಿ ನೋಡಿಬರುತ್ತೇನೆ ಎಂದ. ಹೋಗುವಾಗ ಕುಂಥುವಿನ ಕಡೆ ತಿರುಗಿ, “ಲೋಖಂಡೆ ಕಾಕಾ, ನಾ ತಿರಗಿ ಬರೂತನಕ ಈ ಬಾಗಲಾ ಬಿಟ್ಟು ಅಳಗ್ಯಾಡಬ್ಯಾಡ,” ಎಂದ.

ಕುಂಥು ಎರಡೂ ಕೈಗಳನ್ನು ತೊಡೆಗೆ ಅಂಟಿಸಿ ಲೋಖಂಡೆಯ ದನಿಯಲ್ಲಿ, “ಹ್ಞೂಂರಿ ಸಾಹೇಬ್ರ. ಮಾತು ಕೊಟ್ಟೆ,” ಎಂದ.

ಒಳಗೆ ಗವಿ ಕುಸಿಯಿತು. ನಾನು ಬೇಕೆಂದು ಕೆಡವಲಿಲ್ಲ. ದಾಳ ಬಿದ್ದದ್ದು ಹಾಗೆ. ಶಿವು ತನ್ನ ಹತ್ತಿರ ಹಗ್ಗವಿದೆ, ಹಿಡಿದು ಮೇಲೆ ಬರುತ್ತೇನೆ ಎಂದ. ಹಗ್ಗ ತಂದಿದ್ದೇನೆ ಎಂದು ಅವನು ಹಡಗಿನಿಂದ ಇಳಿಯುವಾಗ ಹೇಳಿರಲಿಲ್ಲ. ಹೇಳದ್ದು ಇಲ್ಲ, ಅದೇ ನಿಯಮ. ನಾನು ಅಂದೂ ಅದನ್ನೇ ಹೇಳಿದೆ, ಇಂದಿಗೂ ಅದನ್ನೇ ಹೇಳುತ್ತೇನೆ.

“ಹಗ್ಗಾ ಇಲ್ಲ, ಶಿವು. ಈಗ ಜೀವದ ದಾಳಾ ಒಗಿ. ಎರಡೂ ಕೂಡಿ ಏಳರ ಮ್ಯಾಲೆ ಬಿದ್ರ ಉಳೀತಿ.”

“ಒಂದು ಹಗ್ಗದ ಸಲುವಾಗಿ ನನ್ನ ಕೊಲ್ತಿಯೇನಕ್ಕಾ?”

“ನಾ ಕೊಲ್ಲೂದಿಲ್ಲ. ನಿಯಮ ಐತಿ.”

“ಮನ್ಯಾಗೂ ನಿನ್ನ ನಿಯಮಾ, ಇಲ್ಲೂ ನಿನ್ನ ನಿಯಮಾ. ಅಪ್ಪ ತೀರಿಕೊಂಡ ಮ್ಯಾಲೆ ನಾ ಏನ್ ಓದಬೇಕು, ಎಲ್ಲಿ ಓದಬೇಕು, ಎಲ್ಲಾ ನೀನ ಹೇಳಿದಿ.”

“ಹೇಳಿ ಏನ್ ಬಂತು? ಅರ್ಧಕ್ಕ ಬಿಡೂದ ನಿನ್ನ ಚಟಾ. ಆಟಾನೂ ಹಂಗ, ಪರೀಕ್ಷಾನೂ ಹಂಗ.”

ಯಲ್ಲಾರಿ ಕಿಟಕಿಯ ಹೊರಗೆ ನೋಡಿದ. ಕುಂಥು ನೆಲ ನೋಡಿದ. ಶಿವು ದಾಳಗಳನ್ನು ಮುಟ್ಟಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದ. ಎಂಟು ದಿನ ಬಿಟ್ಟು ಅವ್ವನ ಫೋನು ಬಂತು: ಕಾಲೇಜು ಬಿಟ್ಟು ಬಂದಿದ್ದಾನೆ, ಹುಕ್ಕೇರಿಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಹಾಕುತ್ತಾನಂತೆ, ಅಕ್ಕನಿಗೆ ಹೇಳಬೇಡ ಎಂದಿದ್ದಾನೆ.

ನಾನು ಫೋನು ಮಾಡಲಿಲ್ಲ. ಚಿಕ್ಕವನು ಅವನು, ಅವನೇ ಮಾಡಬೇಕು. ಅವನೂ ಮಾಡಲಿಲ್ಲ.

ನಾಗರ ಪಂಚಮಿ ಬಂತು. ನಮ್ಮ ಕಡೆ ಮದುವೆಯಾದ ಹೆಣ್ಣುಮಕ್ಕಳಿಗೆ ಪಂಚಮಿಯೆಂದರೆ ಉಂಡಿ ಮತ್ತು ಜೋಕಾಲಿಗಿಂತ ಮೊದಲು ಒಂದೇ ಪ್ರಶ್ನೆ: ಕರೆಯಲು ಯಾರು ಬಂದರು? ಅಣ್ಣನೋ ತಮ್ಮನೋ ಬಂದು, ಅತ್ತೆಮನೆಯ ನಡುಮನೆಯಲ್ಲಿ ಕೂತು ಚಹಾ ಕುಡಿದು, ‘ಅಕ್ಕನ್ನ ಕಳಸಿಕೊಡ್ರಿ’ ಎಂದು ಕೇಳಿ ಕರೆದುಕೊಂಡು ಹೋಗಬೇಕು. ತಾನಾಗಿಯೇ ಚೀಲ ಹಿಡಿದು ಹೋದವಳನ್ನು ತವರಿನಲ್ಲಿ ಯಾರೂ ಹೊರಗೆ ಹಾಕುವುದಿಲ್ಲ, ಆದರೆ ಓಣಿಯೆಲ್ಲ ನೋಡುತ್ತದೆ. ಶಿವು ಪ್ರತಿ ವರ್ಷ ಬಸ್ಸಿನಿಂದಿಳಿದವನೇ ಮೊದಲು ಕ್ಲಾಸಿಗೆ ಬರುತ್ತಿದ್ದ. ಅದಕ್ಕೇ ಚೀಲ ಕಟ್ಟಿ ಕ್ಲಾಸಿನಲ್ಲೇ ಇಟ್ಟಿದ್ದೆ. ರೊಟ್ಟಿ ಹಬ್ಬ ಹೋಯಿತು, ನಾಗಪ್ಪನಿಗೆ ಹಾಲೆರೆಯುವ ದಿನವೂ ಹೋಯಿತು. ಅವ್ವ ಫೋನಿನಲ್ಲಿ, “ನೀನ ಬಾರ ಯವ್ವಾ, ಮನಿ ಏನ್ ಅವನದೊಬ್ಬಂದ ಅಲ್ಲ,” ಎಂದು ಅತ್ತಳು. ಕರೆಯದೆ ಬರುವವಳಲ್ಲ ನಾನು ಎಂದೆ. ಚೀಲ ಬಿಚ್ಚಲು ಕೈ ಬರಲಿಲ್ಲ. ಎತ್ತಿ ಕಪಾಟಿನ ಮೇಲೆ ಒಗೆದೆ. ತಮ್ಮ ನನ್ನನ್ನು ಬಿಟ್ಟೇಬಿಟ್ಟನೇನೋ ಎಂದು ದಿನಾ ಅನಿಸುತ್ತಿತ್ತು. ಅದನ್ನು ಯಾರ ಮುಂದೆ ಹೇಳುವುದು? ಹೇಳಿದರೆ ಅತ್ತೆಗೆ ಹಬ್ಬ.

ಇಂಥ ಹೊತ್ತಿನಲ್ಲಿ ಕುಂಥುನಾಥನ ಹೊಸ ಕಾಟ ಶುರುವಾಯಿತು ನೋಡಿ. ಶಿವು ಹೋದಂದಿನಿಂದ ಆಟ ನಿಂತಿತ್ತು. ಹಬ್ಬ ಕಳೆದ ಭಾನುವಾರ ನಾನು, ಹಳೆಯ ಕ್ಯಾಪ್ಟನ್ ಸತ್ತ ಎಂದುಕೊಂಡು ಕಥೆ ಮುಂದುವರಿಸೋಣ, ಡಾಕ್ಟರೇ ಇನ್ನು ಮುಂದೆ ಕ್ಯಾಪ್ಟನ್ ಎಂದೆ. ಯಲ್ಲಾರಿ ಹೂಂ ಎಂದ.

“ಸಾಹೇಬ್ರು ಸತ್ತಿಲ್ರಿ ಅಕ್ಕಾರ,” ಎಂದ ಕುಂಥು.

“ಗವಿ ಬಿದ್ದೈತಿ.”

“ಜೀವದ ದಾಳಾ ಒಗದಿಲ್ರಿ. ಅದನ್ನ ಅವರ ಒಗೀಬೇಕು, ಬ್ಯಾರೇದವರು ಒಗಿಯೋ ಹಂಗಿಲ್ಲ ಅಂತ ನಿಮ್ಮ ಪುಸ್ತಕದಾಗ ಐತ್ರಿ. ಒಗಿಯೂತನಕ ಅವರು ಸತ್ತೂ ಇಲ್ಲ, ಬದುಕೂ ಇಲ್ಲ.”

ನನ್ನ ನಿಯಮ ನನಗೇ ತಿರುಗಿತು. “ಆತು. ಲೋಖಂಡೆ ಈಗ ಏನ್ ಮಾಡ್ತಾನ?” ಎಂದೆ.

“ನಿಂತಾನ್ರಿ.”

ಅದರ ಮುಂದಿನ ಭಾನುವಾರ ಕೇಳಿದೆ. ನಿಂತಾನ್ರಿ. ಅದರ ಮುಂದಿನದೂ ಅದೇ. ಬಿರುಗಾಳಿ ಎಬ್ಬಿಸಿದೆ, ಕಂಬ ಹಿಡಿದುಕೊಂಡು ನಿಂತ. ಕಳ್ಳರನ್ನು ಕಳಿಸಿದೆ, ಅವರಿಗೆ ಬಾಗಿಲು ಬಿಡದೆ, ಹೊಡೆಯದೆ, ಎಲ್ಲರನ್ನೂ ಒಂದು ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟು ನಿಂತ. ಹೊಸ ಕ್ಯಾಪ್ಟನ್ ಯಲ್ಲಾರಿ ಬಾಯಿ ಹರಿಯುವಂತೆ ಆರ್ಡರ್ ಮಾಡಿದ. ಮಾತು ಕೊಟ್ಟದ್ದು ನಿಮಗಲ್ಲ ಎಂದ ಕುಂಥು. ಒಂದು ದಿನ ನನಗೆ ತಡೆಯಲಾರದೆ ಒಂದು ಉಪಾಯ ಮಾಡಿದೆ. ವೈರ್‌ಲೆಸ್ಸಿನಲ್ಲಿ ಕ್ಯಾಪ್ಟನ್ನನ ದನಿ ಕೇಳಿಸುತ್ತದೆ ಎಂದು ಹೇಳಿ, ಶಿವುವಿನ ಹಾಗೆಯೇ ದನಿ ಮಾಡಿ, “ಲೋಖಂಡೆ, ನಾ ಬಂದೀನಿ, ಹಡಗಕ್ಕ ಬಾ,” ಎಂದೆ.

ಕುಂಥು ನನ್ನ ಮುಖವನ್ನೇ ನೋಡಿದ. “ಆ ದನಿ ಸಾಹೇಬ್ರದಲ್ರಿ. ಸಾಹೇಬ್ರು ಕಾಕಾ ಅಂತಿದ್ರು.”

ನನಗೆ ಬಂದ ಸಿಟ್ಟಿಗೆ ಪೆನ್ಸಿಲ್ಲನ್ನು ಗೋಡೆಗೆ ಒಗೆದೆ. “ಹಂಗಾರ ಆ ಚಂದ್ರನ ಮ್ಯಾಲೆ ಹೊತ್ತು ಮುಳಗೇತಿ! ಇನ್ನ ವರ್ಷಗಟ್ಟಲೆ ರಾತ್ರಿ! ಚಾರ್ಜ್ ಇಲ್ಲ, ಏನಿಲ್ಲ. ಈಗೇನ್ ಮಾಡ್ತಾನ?”

“ನಿಂತಲ್ಲೇ ಆರ್ತಾನ್ರಿ. ಬಾಗಲಾ ಬಿಡೂದಿಲ್ಲ,” ಎಂದು ಹೇಳಿ, ಗಡಿಯಾರ ನೋಡಿ, ಹೊತ್ತು ಮುಳುಗುವುದರೊಳಗೆ ಮನೆಗೆ ಹೋಗಿ ಉಣ್ಣಬೇಕೆಂದು ಮೂಡಲಗಿಯ ಬಸ್ಸಿಗೆ ಎದ್ದು ಹೋದ.

ಯಲ್ಲಾರಿಗೆ ಸಾಕಾಗಿ ಬರುವುದನ್ನು ಬಿಟ್ಟ. ಅವನದೇನು ತಪ್ಪು? ಬುದ್ಧಿಯಿದ್ದವರು ಮಾಡುವ ಕೆಲಸ ಅದು. ಕುಂಥು ಬಿಡಲಿಲ್ಲ. ಟ್ಯಾಲಿ ಕಲಿತು ಮುಗಿದಿತ್ತು, ಕ್ಲಾಸಿಗೆ ಬರುವ ಕಾರಣವೇ ಇರಲಿಲ್ಲ. ಆದರೂ ಮಳೆ, ಚಳಿ, ಬಿಸಿಲು ಎನ್ನದೆ ಭಾನುವಾರ ಮಧ್ಯಾಹ್ನ ಬಂದು, ಎದುರಿನ ಕುರ್ಚಿಯಲ್ಲಿ ಕೂತು, ನಾನು ಕೇಳುವುದನ್ನೇ ಕಾಯುತ್ತಿದ್ದ. ನಾನು ಕೇಳದಿದ್ದರೆ ಅವನು ಏಳುತ್ತಿರಲಿಲ್ಲ. ಹಾಳಾಗಿ ಹೋಗಲಿ ಎಂದು ಕೇಳುತ್ತಿದ್ದೆ. ನಿಂತಾನ್ರಿ ಎನ್ನುತ್ತಿದ್ದ. ನಮ್ಮ ಮನೆಯವರು ಒಮ್ಮೆ ಮೇಲೆ ಬಂದವರು ಇದನ್ನೆಲ್ಲ ನೋಡಿ, “ಮೂಡಲಗಿಯಿಂದ ಬಂದು ನಿಂತಾನ ಅಂತ ಹೇಳಿ ಹೋಗ್ತಾನಲ್ಲ ಆ ಮನಶಾ, ಹುಚ್ಚು ಅವನಿಗೋ, ಕೇಳಾಕ ಕುಂದ್ರಾಕಿ ನಿನಗೋ?” ಎಂದರು.

ಮತ್ತೆ ಶ್ರಾವಣ ಹತ್ತಿರ ಬಂತು. ಒಂದು ಭಾನುವಾರ ಕುಂಥು ಪೇಢೆಯ ಡಬ್ಬಿ ತಂದ. ಮದುವೆ ಗೊತ್ತಾಗಿತ್ತು. ಹುಡುಗಿ ಕಣಗಲೆಯವಳು, ಭಕ್ತಿ ಎಂದು ಹೆಸರು. ನೋಡಲು ಹೋದಾಗಲೇ ಲೋಖಂಡೆಯ ಸಂಗತಿಯನ್ನೆಲ್ಲ ಹೇಳಿದ್ದನಂತೆ. ಮುಚ್ಚಿಡಬಾರದಲ್ಲ! ಅವಳು ಎಲ್ಲ ಕೇಳಿ, “ಪಾಪ, ಚಳಿ ಹತ್ತೂದಿಲ್ಲೇನ್ರಿ ಅವಂಗ?” ಎಂದಳಂತೆ. ತಕ್ಕ ಜೋಡಿ ಎಂದುಕೊಂಡೆ.

“ಮದವಿ ಆದ ಮ್ಯಾಲೆ ಪ್ರತೀ ಐತ್ವಾರ ಬರಾಕ ಆಗೂದಿಲ್ರಿ ಅಕ್ಕಾರ,” ಎಂದ ಕುಂಥು.

ಬಿಡುಗಡೆ ಸಿಕ್ಕಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಮುಂದುವರಿಸಿದ: “ನಾ ಬರಲಿಲ್ಲಂದ್ರೂ ಅಂವಾ ಅಲ್ಲೇ ನಿಂತಿರ್ತಾನ್ರಿ. ನೀವು ಮರೀಬ್ಯಾಡ್ರಿ. ಸಾಹೇಬ್ರು ಬಂದಾಗ ಯಾರೂ ಇಲ್ಲ ಅಂತ ಆಗಬಾರದು.”

ಅಷ್ಟೇ. ನನ್ನ ತಾಳ್ಮೆ ಹರಿಯಿತು. ಇವನು ಮೂಡಲಗಿಯಲ್ಲಿ ಹೆಂಡತಿಯ ಜೊತೆ ಸುಖವಾಗಿರುತ್ತಾನೆ, ಇವನ ಕಬ್ಬಿಣದ ಮುದುಕನನ್ನು ಜೀವಮಾನವೆಲ್ಲ ನಾನು ಕಾಯಬೇಕು! ಮರುದಿನ ಬೆಳಗ್ಗೆಯೇ ಕ್ಲಾಸಿನ ಸುಟ್ಟುಹೋದ ಟೇಬಲ್ ಫ್ಯಾನನ್ನು ಒಂದು ಕೈಯಲ್ಲಿ, ಬರಿಗೈಯಲ್ಲಿ ಹೋಗಬಾರದೆಂದು ಕರದಂಟಿನ ಡಬ್ಬಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಹುಕ್ಕೇರಿಯ ಬಸ್ಸು ಹತ್ತಿದೆ. ತವರಿಗೆ ಹೋಗಲಿಲ್ಲ, ನೆನಪಿರಲಿ. ಅಂಗಡಿಗೆ ಹೋದೆ. ಅಂಗಡಿ ತವರಲ್ಲ, ಅಲ್ಲಿಗೆ ಯಾರು ಬೇಕಾದರೂ ಹೋಗಬಹುದು.

ಶಿವು ನೆಲದ ಮೇಲೆ ಕೂತು ಪಂಪಿನ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ತೆಳ್ಳಗಾಗಿದ್ದ. ಮೀಸೆ ಬಿಟ್ಟಿದ್ದ, ಅಪ್ಪನ ಹಾಗೆಯೇ ಕಾಣುತ್ತಿತ್ತು. ನನ್ನನ್ನು ನೋಡಿದ, ಫ್ಯಾನನ್ನು ನೋಡಿದ.

“ಗೋಕಾಕದಾಗ ವೈಂಡಿಂಗ್ ಮಾಡವರು ಯಾರೂ ಇಲ್ಲೇನು?”

“ಅದಾರ. ಚೊಲೋ ಮಾಡೂದಿಲ್ಲ.”

ಅವನು ಫ್ಯಾನು ತೆಗೆದುಕೊಂಡು ಬಿಚ್ಚತೊಡಗಿದ. ಕೆಲಸ ಚೊಕ್ಕವಾಗಿತ್ತು, ಅದನ್ನು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಕಡೆಗೆ ಬಾಯಿಗೆ ಬಂದದ್ದು ಒಂದೇ.

“ಲೋಖಂಡೆ ಇನ್ನೂ ನಿಂತಾನ.”

“ಯಾರು?”

“ಲೋಖಂಡೆ ಕಾಕಾ. ಗವಿ ಬಾಗಲದಾಗ. ನೀ ನಿಂದರು ಅಂದಿದ್ದಿಯಲ್ಲ.”

ತಂತಿ ಹಿಡಿದ ಅವನ ಕೈ ನಿಂತಿತು. “ಅಂದ್ರ... ಆಟಾ ಮುಂದ ನಡೀಲಿಲ್ಲ?”

“ಹೆಂಗ ನಡೀತೈತಿ? ಆ ಮನಶಾ ಕಾಲು ಕಿತ್ತಲೇ ಇಲ್ಲ. ಪ್ರತೀ ಐತ್ವಾರ ಬಂದು ನಿಂತಾನ ನಿಂತಾನ ಅಂತ ನನ್ನ ಜೀವಾ ತಿಂದಾನ. ನೀ ಬಂದು ದಾಳಾ ಒಗದ್ರ ನನಗ ಬಿಡಗಡಿ. ಅದಕ್ಕ ಬಂದೀನಿ, ಬ್ಯಾರೇದಕ್ಕೇನಲ್ಲ.”

ಅವನು ತಲೆ ತಗ್ಗಿಸಿಯೇ ಹೇಳಿದ: “ನೀ ಅವತ್ತ ನನ್ನ ಕೊಂದು ಮುಂದ ಹೋದಿ ಅಂತ ತಿಳಕೊಂಡಿದ್ದೆ ಅಕ್ಕಾ.”

ಕರದಂಟಿನ ಡಬ್ಬಿಯನ್ನು ಅವನ ಪಕ್ಕದಲ್ಲಿಟ್ಟು, ಫ್ಯಾನು ರಿಪೇರಿಯಾದ ಮೇಲೆ ತಂದುಕೊಡು ಎಂದಷ್ಟೇ ಹೇಳಿ ಬಸ್ ಸ್ಟ್ಯಾಂಡಿಗೆ ನಡೆದೆ.

ಪಂಚಮಿಯ ಹಿಂದಿನ ಭಾನುವಾರ ಅವನು ಬಂದ. ಒಂದು ಕೈಯಲ್ಲಿ ಫ್ಯಾನು, ಇನ್ನೊಂದರಲ್ಲಿ ಅವ್ವ ಕೊಟ್ಟ ಶೇಂಗಾ ಉಂಡಿ. ಕುಂಥು ಎಂದಿನಂತೆ ತನ್ನ ಕುರ್ಚಿಯಲ್ಲಿದ್ದ. ಶಿವುವನ್ನು ನೋಡಿ ಎದ್ದು ನಿಂತವನು ‘ಬರ್ರಿ ಸಾಹೇಬ್ರ’ ಎನ್ನಲೂ ಇಲ್ಲ. ಇನ್ನೂ ಸ್ಪಷ್ಟವಾಗಿಲ್ಲವಲ್ಲ, ಸಾಹೇಬರು ಇದ್ದಾರೋ ಇಲ್ಲವೋ! ನಾನು ಉಂಡಿಗಳನ್ನು ತಾಟಿಗೆ ಸುರಿದು ಮೇಜಿನ ಆ ತುದಿಗಿಟ್ಟೆ. ಈ ತುದಿಯಲ್ಲಿ ದಾಳಗಳನ್ನಿಟ್ಟೆ.

“ಏಳರ ಮ್ಯಾಲೆ,” ಎಂದೆ.

ಕುಂಥು ಕಣ್ಣು ಮುಚ್ಚಿ ಕೈಮುಗಿದ. ತುಟಿಗಳು ಣಮೋಕಾರ ಮಂತ್ರ ಹೇಳುತ್ತಿದ್ದವು. ಶಿವು ದಾಳಗಳನ್ನು ಬಹಳ ಹೊತ್ತು ಕೈಯಲ್ಲಿ ಕುಲುಕಿ ಎಸೆದ.

ಬಿದ್ದದ್ದು ಒಂದು, ಎರಡು.

ಶಿವು ದಾಳಗಳನ್ನು ನೋಡಿ, ಆಮೇಲೆ ನನ್ನನ್ನು ನೋಡಿದ. ಹಗ್ಗದ ದಿನ ನೋಡಿದ ಹಾಗೆಯೇ ನೋಡಿದ. ಆದರೆ ಈ ಸಲ ಜಗಳವಾಡುವುದಿಲ್ಲ ಎಂದು ಮನೆಯಿಂದಲೇ ನಿಶ್ಚಯಿಸಿ ಬಂದಿದ್ದನೆಂದು ತೋರುತ್ತದೆ.

“ದಾಳಾ ಉಂಡಿ ತಾಟಿಗೆ ಬಡದೈತಿ. ಲೆಕ್ಕಕ್ಕಿಲ್ಲ. ಮತ್ತ ಒಗಿ,” ಎಂದೆ.

“ಅಕ್ಕಾ, ತಾಟು ಅಲ್ಲೈತಿ...”

“ಆಟಾ ನಡಸಾಕಿ ಯಾರು, ನಾನೋ ನೀನೋ? ಒಗಿ ಅಂದ್ರ ಒಗಿ!”

ಒಗೆದ. ಐದು, ನಾಲ್ಕು. ಕುಂಥು ಕಣ್ಣು ತೆರೆದು, “ಬದಕಿದ್ರೇನ್ರಿ?” ಎಂದ. ಬದುಕಿದ್ದಾನೆ ಎಂದೆ.

ಶಿವು ಎದ್ದು ಕುಂಥುವಿನ ಎದುರಿಗೆ ಹೋಗಿ ನಿಂತ. “ಲೋಖಂಡೆ ಕಾಕಾ, ಬಂದ್ನಿ. ಭಾಳ ತಡಾ ಆತು. ನಡಿ, ಹೋಗೂಣು.”

ಕುಂಥುವಿನ ಕಣ್ಣಿನಿಂದ ನೀರು ಇಳಿಯಿತು. ಆದರೆ ಎರಡೂ ಕೈ ತೊಡೆಗೆ ಅಂಟಿಕೊಂಡೇ ಇದ್ದವು. ಅಲುಗಲಿಲ್ಲ.

“ಲೋಖಂಡೆ ಏನ್ ಮಾಡ್ತಾನ?” ಎಂದೆ ನಾನು.

“ನಿಂತಾನ್ರಿ.”

“ಮತ್ಯಾಕ? ಬಂದಾನಲ್ಲೋ! ಮಾತು ಬಿಡಸ್ಯಾನಲ್ಲೋ!”

“ಬ್ಯಾಟರಿ ಆರೇತ್ರಿ ಅಕ್ಕಾರ. ಅಲ್ಲಿ ಇನ್ನೂ ಹೊತ್ತು ಮೂಡಿಲ್ಲ. ನೀವ ರಾತ್ರಿ ಮಾಡೀರಿ.”

ನನಗೆ ಅವನ ತಲೆಯ ಮೇಲೆ ಫ್ಯಾನು ಎತ್ತಿ ಹಾಕಬೇಕೆನಿಸಿತು. ಖರೆ ಹೇಳುತ್ತೇನೆ, ಕೈ ಆ ಕಡೆ ಹೋಗಿತ್ತು. ಅಷ್ಟರಲ್ಲಿ ಶಿವು ನಗತೊಡಗಿದ. ಮೊದಲಿನ ಹಾಗೆಯೇ, ಮೇಜು ಹಿಡಿದುಕೊಂಡು, ಬಗ್ಗಿ ಬಗ್ಗಿ ನಕ್ಕ. ವರ್ಷದಿಂದ ಕೇಳದ ನಗು. “ಹಂಗಾರ ಗಾಡಿ ತರ್ತೀನಿ. ಹೇರಕೊಂಡ ಹೋಗೂದು,” ಎಂದ. ಗಾಡಿ ತಂದಿದ್ದೇನೆ ಎಂದು ಅವನು ಹಡಗಿನಿಂದ ಇಳಿಯುವಾಗ ಹೇಳಿರಲಿಲ್ಲ. ಇರಲಿ ಬಿಡು ಎಂದುಕೊಂಡೆ.

ಕುಂಥುವನ್ನು ಮೂಡಲಗಿಯ ಬಸ್ಸಿಗೆ ಕಳಿಸಿದ ಮೇಲೆ ಶಿವು, “ಮನೀಗೆ ಬಂದು ನಿಮ್ಮತ್ತೀನ್ನ ಕೇಳ್ತೀನಿ. ನಿನ್ನ ಚೀಲಾ ಕಟಗೋ,” ಎಂದ. ಕಪಾಟಿನ ಮೇಲಿದೆ ನೋಡು ಎಂದೆ. ಅವನು ಕುರ್ಚಿ ಹತ್ತಿ ಚೀಲವನ್ನು ಇಳಿಸಿದ. ಮೇಲಿನ ಧೂಳನ್ನು ಊದಿ, ಕಟ್ಟಿದ ಗಂಟನ್ನು ಮುಟ್ಟಿ ನೋಡಿದ.

“ಇದನ್ನ ಯಾವಾಗ ಕಟ್ಟಿದ್ದಿ ಅಕ್ಕಾ?”

“ನಡಿ ಸುಮ್ಮನ, ಬಸ್ ತಪ್ಪತೈತಿ,” ಎಂದು ಹೇಳಿ ಕ್ಲಾಸಿನ ಬಾಗಿಲು ಹಾಕಿದೆ.